ಮಾವನವರ ಮನೆ ತೊಳೆದ ಸಾಫ್ಟ್‌ವೇರ್

ಇನ್ನು ಮೇಲೆ ತನ್ನ ದಂಧೆಯಲ್ಲಿ ಒಬ್ಬರಿಗೂ ಫೋನ್ ಮಾಡುವುದಿಲ್ಲ, ಎಲ್ಲವನ್ನೂ ಬೆರಳ ತುದಿಯಲ್ಲೇ ಆಡಿಸುತ್ತೇನೆ ಎಂದು ವಿಜಯಮಹಾಂತೇಶ ರಾಣೆಬೆನ್ನೂರಿನ ತನ್ನ ಪಡಸಾಲೆಯಲ್ಲಿ ನಿಂತು ಘೋಷಿಸಿದ. ಅವನದು ಮನೆ ಸ್ವಚ್ಛ ಮಾಡಿಕೊಡುವ ಕಂಪನಿ. ಕಂಪನಿ ಎಂದರೆ ಒಂದು ವ್ಯಾನು, ಧೂಳು ಹೀರುವ ಒಂದು ಮಷೀನು, ಕೆಲಸಕ್ಕೆ ಗುತ್ತೆವ್ವ ಮತ್ತು ತಬಸ್ಸುಮ್, ಅವರನ್ನು ಇವತ್ತು ಹಾವೇರಿಗೆ ನಾಳೆ ಬ್ಯಾಡಗಿಗೆ ಕಳಿಸುವ ಹೆಂಡತಿ ಸುಧಾರಾಣಿ. ಅವಳ ಪದ್ಧತಿ ಸರಳ. ಮನೆಯವರಿಗೆ ಫೋನ್ ಹಚ್ಚಿ ಮೊದಲು ಮಂಡಿನೋವು ಕೇಳುವುದು, ಆಮೇಲೆ ಮಳೆ-ಬೆಳೆ, ಕಡೆಗೆ ಯಾವಾಗ ಬರೋಣ ಎಂದು ವಿಚಾರಿಸುವುದು. ಇದನ್ನು ಕೇಳಿದಾಗಲೆಲ್ಲ ಗಂಡನ ಮೈ ಉರಿಯುತ್ತಿತ್ತು. ಇದು ಕಂಪನಿಯೋ, ಕಟ್ಟೆ ಹರಟೆಯೋ! ಒಂದು ಸಾಫ್ಟ್‌ವೇರ್ ತಂದು ಮೂರೂ ಊರನ್ನು ಮುಷ್ಟಿಯಲ್ಲಿ ಹಿಡಿಯದಿದ್ದರೆ ತನ್ನ ಹೆಸರು ವಿಜಯಮಹಾಂತೇಶನೇ ಅಲ್ಲ ಎಂದ.

ಮೊದಲು ನೋಡಿದ ಸಾಫ್ಟ್‌ವೇರ್ ಪರದೇಶದ್ದು. ಪ್ರತಿ ಮನೆಗೂ ಹುಲ್ಲುಹಾಸು ಎಷ್ಟಗಲ, ನಾಯಿ ಯಾವ ತಳಿ ಎಂದು ಕೇಳಿತು. ನಾಯಿ ಇಲ್ಲ, ಎಮ್ಮೆ ಇದೆ ಎಂದು ತುಂಬಲು ಅದರಲ್ಲಿ ಜಾಗವೇ ಇರಲಿಲ್ಲ. ಎಮ್ಮೆಗೆ ಜಾಗವಿಲ್ಲದ ಸಾಫ್ಟ್‌ವೇರಿಗೆ ಹಾವೇರಿ ಜಿಲ್ಲೆಯಲ್ಲೇನು ಕೆಲಸ ಎಂದು ಅವನಿಗೆ ಸಿಟ್ಟು ಬಂತು. ಎರಡನೆಯದು ಮನೆ ನಂಬರು, ಅಡ್ಡರಸ್ತೆ ಕೊಡದೆ ಮುಂದಕ್ಕೇ ಹೋಗಲಿಲ್ಲ. 'ಹಳೇ ಗಿರಣಿ ಹಿಂದೆ, ನೀಲಿ ಬಾಗಿಲು' ಎಂದು ಬರೆದರೆ ತಪ್ಪು ವಿಳಾಸ ಎಂದಿತು. ಆ ವಿಳಾಸಕ್ಕೆ ಊರ ಲಗ್ನಪತ್ರಿಕೆಗಳೆಲ್ಲ ತಪ್ಪದೆ ಮುಟ್ಟುತ್ತವೆ, ಇದ್ಯಾವ ದೊಡ್ಡಸ್ತಿಕೆ!

ಮೂರನೆಯದು ಅವನ ಮನಸ್ಸು ಗೆದ್ದಿತು. ಅದರಲ್ಲಿ 'ಮನೆ ಖಾಲಿಯಾಗುವ ಹೊತ್ತು' ಎಂಬ ಒಂದು ಚೌಕವಿತ್ತು. ಮನೆಯವರು ಊರಿಗೆ ಹೊರಡುವ ಹೊತ್ತನ್ನು ಅಲ್ಲಿ ತುಂಬಿದರೆ ಸಾಕು. ಅವರು ಹೊರಬೀಳುತ್ತಲೇ ಕೆಲಸದವರು ಒಳಗೆ ನುಗ್ಗಬೇಕು. ನಡುವೆ ಒಂದು ನಿಮಿಷ ಪೋಲಾದರೂ ಫೋನು ಗಂಟೆ ಬಾರಿಸಿ ಕೆಂಪು ಗುರುತು ಹಾಕುತ್ತದೆ. ಮೇಲಾಗಿ, ಒಂದು ತಿಂಗಳು ಪುಕ್ಕಟೆ.

ಪರೀಕ್ಷೆಗೆ ಮನೆಯೂ ಸಿದ್ಧವಿತ್ತು. ಬ್ಯಾಡಗಿಯ ಮಾವ ಪ್ರಭುಲಿಂಗಪ್ಪನವರು ದೊಡ್ಡ ಮೆಣಸಿನಕಾಯಿ ವ್ಯಾಪಾರಿ. ಅವರು ಒಂದು ಮಾತು ಹೇಳಿದರೆ ಪೇಟೆಯ ಅರ್ಧ ಮನೆಗಳ ಕೆಲಸ ಸಿಗುತ್ತಿತ್ತು. ಆದರೆ ಅವರು ಹೇಳಬೇಕಲ್ಲ! ಕಸಬರಿಗೆ ಹಿಡಿಯಲು ಡಿಗ್ರಿ ಯಾಕೆ ಬೇಕಿತ್ತು ಎಂದು ಮದುವೆ ಮನೆಯಲ್ಲಿ ನಾಲ್ಕು ಜನರೆದುರು ಕೇಳಿದವರು ಅವರು. ಈಗ ಆ ಮಾವನವರು ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೊರಟಿದ್ದರು. ಅವರನ್ನು ಆಪರೇಶನ್ನಿಗೆ ಒಪ್ಪಿಸಲು ಒಂದು ವರ್ಷ ಹಿಡಿದು, ಸುಧಾರಾಣಿಗೆ ಸಾಕುಸಾಕಾಗಿತ್ತು. ತಿರುಗಿ ಬಂದು ನೋಡುವಾಗ ಮನೆ ಥಳಥಳ ಹೊಳೆಯಬೇಕು, ಮಾವನ ಬಾಯಿಂದ ಆ ಒಂದು ಮಾತು ಬೀಳಬೇಕು, ಬ್ಯಾಡಗಿ ತನ್ನದಾಗಬೇಕು ಎಂದು ಅಳಿಯ ಲೆಕ್ಕ ಹಾಕಿದ.

ಅಪ್ಪ ಹೋದ ಮರುದಿನ ಕೆಲಸದವರನ್ನು ಕಳಿಸಿ ಎಂದಳು ಸುಧಾರಾಣಿ. ಮರುದಿನ ಎಂದು ತುಂಬಿದರೆ ಸಾಫ್ಟ್‌ವೇರ್ ಇಡೀ ದಿನವೇ ಪೋಲು ಎಂದು ಕೆಂಪಗಾಯಿತು. ಹೆಂಡತಿಯ ಮಾತು ಮೀರಬಹುದು, ಕೆಂಪು ಗುರುತನ್ನು ಮೀರುವುದುಂಟೇ? ಹೊರಡುವ ಹೊತ್ತು ಬೆಳಿಗ್ಗೆ ಎಂಟು ಎಂದು ತುಂಬಿದ. ಯಾರ ಮಾತೂ ಕೇಳಬೇಡಿ, ಫೋನು ಹೇಳಿದ್ದೇ ಕೊನೆ ಎಂದು ಗುತ್ತೆವ್ವನಿಗೂ ತಬಸ್ಸುಮಳಿಗೂ ಕಟ್ಟಪ್ಪಣೆ ಮಾಡಿದ.

ಆ ದಿನ ಎಂಟಕ್ಕೆ ಮಾವನವರು ಹಣೆಗೆ ವಿಭೂತಿ ಹಚ್ಚಿ, ಆರತಿ ಎತ್ತಿಸಿಕೊಂಡು, ಕಾಯಿ ಒಡೆಸಿ ಆಗತಾನೇ ಕಾರಿನಲ್ಲಿ ಕುಳಿತಿದ್ದರು. ಬೀಳ್ಕೊಡಲು ಮಗಳು, ಅಳಿಯ ಇಬ್ಬರೂ ಬಂದು ಕಾರಿನ ಪಕ್ಕ ನಿಂತಿದ್ದರು. ವ್ಯಾನು ಬಂದು ನಿಂತಿತು. ಸಾಹುಕಾರರ ಗಾಡಿ ಇನ್ನೂ ಇಲ್ಲೇ ಇದೆಯಲ್ಲ ಎಂದು ಗುತ್ತೆವ್ವ ಅನುಮಾನಿಸಿದಳು. ಅಷ್ಟರಲ್ಲಿ ತಬಸ್ಸುಮಳ ಕೈಯಲ್ಲಿದ್ದ ಫೋನು ಗಂಟೆ ಬಾರಿಸತೊಡಗಿತು. ಅದರ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಅವಳು ಪಡಸಾಲೆಗೆ ಒಂದು ಬಕೆಟ್ ನೀರು ಸುರುವಿದಳು, ಗುತ್ತೆವ್ವ ಕಸಬರಿಗೆ ಹಿಡಿದು ಬಳಿದಳು. ನೀರು ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಕಾರಿನ ಗಾಲಿ ಮುಟ್ಟಿತು.

ಮನೆಯಿಂದ ಯಾರಾದರೂ ಹೊರಟ ಬೆನ್ನಿಗೇ ಕಸ ಹೊಡೆಯುವುದಿಲ್ಲ, ನೆಲ ತೊಳೆಯುವುದಿಲ್ಲ. ಹಾಗೆ ತೊಳೆಯುವುದು ಹೆಣ ಎತ್ತಿದ ಮೇಲೆ. ಇದು ಊರಿನ ಕೂಸಿಗೂ ಗೊತ್ತು. ವಿಜಯಮಹಾಂತೇಶನಿಗೂ ಗೊತ್ತಿತ್ತು, ಸಾಫ್ಟ್‌ವೇರಿನ ಸಂಭ್ರಮದಲ್ಲಿ ಮರೆತಿದ್ದ. ಕಾರಿನ ಬಾಗಿಲು ತೆರೆದು ಮಾವನವರು ಕೆಳಗಿಳಿದರು.

"ಯಾರ್ ಸತ್ತಾರ್ರಿ, ಅಳಿಯಂದ್ರ?"

"ಯಾರೂ ಇಲ್ರಿ ಮಾವಾರ. ಇದು ಸಾಫ್ಟ್‌ವೇರ್..."

"ಹೆಣಾ ಹೊಂಟ ಮ್ಯಾಲೆ ಮನಿ ತೊಳೀತಾರ. ನಾ ಇನ್ನ ಗಾಡ್ಯಾಗ ಕುಂತಿದ್ನಲ್ರಿ. ಅಷ್ಟೂ ತಡಕೊಳ್ಳಾಕ ಆಗಲಿಲ್ಲೇನು ನಿಮಗ?"

ಹುಬ್ಬಳ್ಳಿಯೂ ಬೇಡ, ಕಣ್ಣೂ ಬೇಡ ಎಂದು ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅತ್ತೆ ಪ್ರೇಮವ್ವ ಬಾಯಿಗೆ ಸೆರಗು ಹಿಡಿದು ಅಳತೊಡಗಿದರು. ಬಾಗಿಲಲ್ಲಿ ನೀರು, ಸುತ್ತ ಜನ, ನಡುವೆ ಅಳು! ಇದನ್ನು ಕಂಡ ಹಿಂದಿನ ಓಣಿಯ ಹಿರಿಯ ಹೊಳಿಯಪ್ಪನವರು ತಲೆಯ ಟೋಪಿ ತೆಗೆದು, ಮುಖ ಸಣ್ಣದು ಮಾಡಿಕೊಂಡು ಬಂದು, ತಲೆ ತಗ್ಗಿಸಿ ಕಟ್ಟೆಯ ಮೇಲೆ ಕುಳಿತರು. ಪಕ್ಕದಲ್ಲಿದ್ದವರನ್ನು ಮೆಲ್ಲಗೆ ಕೇಳಿದರು.

"ಯಾವಾಗ ಆತ್ರಿ?"

"ಇನ್ನೂ ಆಗಿಲ್ಲ," ಎಂದರು ಪಕ್ಕದಲ್ಲಿದ್ದ ಪ್ರಭುಲಿಂಗಪ್ಪನವರು. "ಕುಂದರ್ರಿ. ಅಳಿಯಂದ್ರು ಅವಸರದಾಗ ಅದಾರ."

ಆ ಹೊತ್ತಿಗೇ ಮಾವನವರ ಫೋನಿಗೆ ಸಾಫ್ಟ್‌ವೇರಿನಿಂದ ಸಂದೇಶ ಬರಬೇಕೇ! ಕಣ್ಣು ಕಾಣದ ಅವರು ಅದನ್ನು ಹೊಳಿಯಪ್ಪನವರ ಕೈಗೆ ಕೊಟ್ಟರು. ಪ್ರಭುಲಿಂಗಪ್ಪನವರ ಮನೆ ತೊಳೆಯುವ ಕೆಲಸ ಸಕಾಲಕ್ಕೆ ಶುರುವಾಗಿದೆ, ನಿಮ್ಮ ಸಂತೋಷವೇ ನಮ್ಮ ಗುರಿ ಎಂದು ಅವರು ಓಣಿಗೆಲ್ಲ ಕೇಳುವಂತೆ ಓದಿದರು.

ಸುಧಾರಾಣಿ ಗಂಡನ ಕಡೆ ನೋಡಲೂ ಇಲ್ಲ. ಅಪ್ಪನನ್ನು ಒಳಗೆ ಕರೆದೊಯ್ದು, ಚಹಾ ಕುಡಿಸಿ, ಇನ್ನೊಂದು ಆರತಿ ಎತ್ತಿ, ಇನ್ನೊಂದು ಕಾಯಿ ಒಡೆಸಿ, ಮಧ್ಯಾಹ್ನದ ಹೊತ್ತಿಗೆ ಹೊಸದಾಗಿ ಹೊರಡಲು ಒಪ್ಪಿಸಿದಳು. ಮಾವನವರು ಒಂದು ಕರಾರು ಹಾಕಿದರು. ತಾವು ಬರುವವರೆಗೆ ಆ ಮನೆಯಲ್ಲಿ ಯಾರೂ ಕಸಬರಿಗೆ ಮುಟ್ಟಬಾರದು, ನೆಲಕ್ಕೆ ಹನಿ ನೀರು ಬೀಳಬಾರದು. ಕಾವಲಿಗೆ ಅಳಿಯಂದಿರೇ ಇರಬೇಕು.

ಅದು ಮೆಣಸಿನಕಾಯಿ ಸುಗ್ಗಿಯ ಕಾಲ. ಪೇಟೆಯ ಕೆಂಪು ಧೂಳು ಕಿಟಕಿಯಿಂದ ನುಗ್ಗಿ ನೆಲದ ಮೇಲೆ, ಕುರ್ಚಿಯ ಮೇಲೆ, ಕಾವಲುಗಾರನ ಮೇಲೆ ಕೂರತೊಡಗಿತು. ವಿಜಯಮಹಾಂತೇಶ ಸೀನಿ ಸೀನಿ ಬೈದ. ಸಾಫ್ಟ್‌ವೇರ್ ಮಾಡಿದವನನ್ನು ಬೈದ, ಮಾರಿದವನನ್ನು ಬೈದ, ಮೆಣಸಿನಕಾಯಿಯನ್ನೂ ಬೈದ. ಕೈ ಕಸಬರಿಗೆಗೆ ತುಡಿಯುತ್ತಿತ್ತು, ಆದರೂ ಮುಟ್ಟಲಿಲ್ಲ. ಇಷ್ಟು ನಿಷ್ಠೆಯಿಂದ ಅವನು ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಇದನ್ನಾದರೂ ಮಾವ ಮೆಚ್ಚಲೇಬೇಕು ಎಂದುಕೊಂಡ.

ಆಪರೇಶನ್ ಚೆನ್ನಾಗಿಯೇ ಆಯಿತು. ಒಂದು ವಾರ ಹುಬ್ಬಳ್ಳಿಯ ಬೀಗರ ಮನೆಯಲ್ಲಿ ಇದ್ದು ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಕ್ಷೇಮ ಕೇಳಲು ಪೇಟೆಯ ವ್ಯಾಪಾರಿಗಳೆಲ್ಲ ಬಂದು ಹಿಂದೆ ನಿಂತಿದ್ದರು. ಮಾವನವರು ಹೊಸ್ತಿಲಲ್ಲಿ ಕನ್ನಡಕ ತೆಗೆದರು. ಎಷ್ಟೋ ವರ್ಷ ಮಸುಕಾಗಿದ್ದ ಮನೆ ಈಗ ಸ್ಪಷ್ಟವಾಗಿ ಕಂಡಿತು. ನೆಲ ನೋಡಿದರು, ಮೂಲೆಯ ಜೇಡರ ಬಲೆ ನೋಡಿದರು, ತಲೆಯಿಂದ ಕಾಲಿನವರೆಗೆ ಕೆಂಪಗಾಗಿ ನಿಂತಿದ್ದ ಅಳಿಯನನ್ನು ನೋಡಿದರು. ಆಮೇಲೆ ವ್ಯಾಪಾರಿಗಳ ಕಡೆ ತಿರುಗಿ, ಅಳಿಯ ಇಷ್ಟು ದಿನ ಕಾದಿದ್ದ ಮಾತನ್ನು ಹೇಳಿದರು.

"ನಮ್ಮ ಅಳಿಯಂದ್ರದು ಮನಿ ಸ್ವಚ್ಛ ಮಾಡೋ ಕಂಪನಿ ಐತ್ರಿ. ಒಂದ್ ವಾರ ಖುದ್ದ ಇಲ್ಲೇ ಇದ್ರು. ಹೆಂಗ ಮಾಡ್ಯಾರ, ನೀವ ಒಳಗ ಬಂದ ನೋಡ್ರಿ."