ವಾರ್ನಿಷ್ ತಯಾರಕರಿಗೆ ಒಂದು ಅಂಟಂಟು ಅಹವಾಲು

ಮಾನ್ಯರೇ,

ಮರದ ಸಾಮಾನುಗಳಿಗೆ ಮೆರುಗು ತರುವುದನ್ನೇ ಬಾಳಿನ ಗುರಿಯಾಗಿಸಿಕೊಂಡಿರುವ ತಮ್ಮ ಕಂಪನಿಗೂ, 'ಎರಡೇ ಗಂಟೆಯಲ್ಲಿ ಒಣಗುತ್ತದೆ' ಎಂದು ಡಬ್ಬಿಯ ಮೇಲೆ ಧೈರ್ಯವಾಗಿ ಬರೆಸಿದ ಮಹಾನುಭಾವರಿಗೂ ಈ ಬಡ ಗ್ರಾಹಕನ ಅನಂತ ವಂದನೆಗಳು. ತಾವೆಲ್ಲ ಕ್ಷೇಮವೆಂದೂ, ಮುಖ್ಯವಾಗಿ ತಮ್ಮ ಕಚೇರಿಯ ಕುರ್ಚಿಗಳೆಲ್ಲ ಚೆನ್ನಾಗಿ ಒಣಗಿವೆಯೆಂದೂ ನಂಬಿದ್ದೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಮರದ ಕುರ್ಚಿಯೊಂದಿದೆ. ಅಪ್ಪ ತೀರಿಕೊಂಡ ಮೇಲೆ ಕುರ್ಚಿ ನನ್ನ ಪಾಲಿಗೆ ಬಂತು, ಅಮ್ಮ ಅಣ್ಣನ ಮನೆಯಲ್ಲಿ ಉಳಿದಳು. ಈ ಹಂಚಿಕೆಯಲ್ಲಿ ತನಗೆ ಅನ್ಯಾಯವಾಯಿತೆಂದು ಅಣ್ಣ ಕೊರಗುತ್ತಿರುವುದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅಂದಿನಿಂದ ಅವನು ನಮ್ಮಲ್ಲಿ ಕೂತವನಲ್ಲ. ಅಮ್ಮ ಕೊಟ್ಟು ಕಳಿಸಿದ್ದನ್ನು ಹೊಸ್ತಿಲಾಚೆಯೇ ನಿಂತು, ಹೆಲ್ಮೆಟ್ಟನ್ನೂ ತೆಗೆಯದೆ ನನ್ನ ಕೈಗಿಟ್ಟು, ನನ್ನ ಕೈಗೆ ಸಿಕ್ಕಿದ್ದು ಯಾವುದು ಉಳಿದೀತು ಎಂಬಂತೆ ಕುರ್ಚಿಯ ಕಡೆ ಒಮ್ಮೆ ನೋಡಿ ಹೊರಟುಬಿಡುತ್ತಿದ್ದ. ಅದು ನನ್ನನ್ನು ಎಷ್ಟು ನೋಯಿಸುತ್ತಿತ್ತೆಂದರೆ, ಕುರ್ಚಿಯನ್ನು ಹೊಸದರಂತೆ ಮಾಡಿ ಅವನ ಬಾಯಿ ಮುಚ್ಚಿಸಿ, ಆಮೇಲೆ ಅದರಲ್ಲೇ ಅವನನ್ನು ಕೂರಿಸಬೇಕೆಂದು ಹಟ ತೊಟ್ಟೆ.

ಉಪ್ಪುಕಾಗದ ತಂದು ಉಜ್ಜತೊಡಗಿದೆ. ಮರದ ಎಳೆ ಹೋದ ಕಡೆಗೇ ಉಜ್ಜಬೇಕೆಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿಯಂತೆ. ಲೋಕ ನನಗೆ ತಿಳಿಸಿರಲಿಲ್ಲ. ಹುಮ್ಮಸ್ಸಿನಲ್ಲಿ ಅಡ್ಡಡ್ಡ ಉಜ್ಜಿದ್ದರಿಂದ ಕುರ್ಚಿಯ ಕೈಗಳ ಮೇಲೆ ಬೆಕ್ಕುಗಳು ಕಾದಾಡಿದಂಥ ಗೀರುಗಳು ಮೂಡಿದವು. ಮರದ ಹುಡಿ ಮನೆಯೆಲ್ಲ ತುಂಬಿ, ಹಾಲಿನ ಕೆನೆಯ ಮೇಲೂ ಕೂತಾಗ ನನ್ನ ಹೆಂಡತಿ, ಕುರ್ಚಿ ಇನ್ನೂ ಉಳಿದಿದೆಯೋ ಅಥವಾ ಪೂರ್ತಿ ನಮ್ಮ ಹೊಟ್ಟೆಗೇ ಹೋಯಿತೋ ಎಂದು ವಿನಯದಿಂದ ವಿಚಾರಿಸಿದಳು. ಗೀರು ಮುಚ್ಚಲು ನನಗೆ ಹೊಳೆದ ಏಕೈಕ ಉಪಾಯವೇ ತಮ್ಮ ವಾರ್ನಿಷ್. ಬ್ರಷ್ಷಿನಲ್ಲಿ ಬಳಿದರೆ ಸಾಲದೆಂದು ಡಬ್ಬಿಯನ್ನೇ ಬಗ್ಗಿಸಿ ಸುರಿದು ಸವರಿದೆ.

ಎರಡು ಗಂಟೆ ಕಳೆಯಿತು, ಎರಡು ದಿನವೂ ಕಳೆಯಿತು. ವಾರವಾದರೂ ಮುಟ್ಟಿದಲ್ಲಿ ಹೆಬ್ಬೆಟ್ಟಿನ ಗುರುತು ಬೀಳುತ್ತಿತ್ತು, ದಾರಿ ತಪ್ಪಿ ಬಂದ ನೊಣವೊಂದು ಅಲ್ಲೇ ಕಾಯಂ ಆಗಿ ನೆಲೆಸಿತು. ಆದರೆ ದೂರದಿಂದ ನೋಡಿದರೆ ಆ ಹೊಳಪನ್ನು ಹೊಗಳಲು ನನ್ನಲ್ಲಿ ಮಾತಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಕೊಟ್ಟ ಚೀಲ ಹಿಡಿದು ಬಂದ ಅಣ್ಣನ ಕಣ್ಣಿಗೆ ಆ ಹೊಳಪು ಬಿದ್ದೇಬಿಟ್ಟಿತು. 'ಪರವಾಗಿಲ್ವೇ' ಎನ್ನುತ್ತ ಅವನು ಹೊಸ್ತಿಲು ದಾಟಿ ಒಳಗೇ ಬಂದ. ನಾನು ಎಚ್ಚರಿಸಬೇಕಿತ್ತು. 'ಅಣ್ಣಾ, ಇನ್ನೂ ಹಸಿ ಇದೆ' ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಇಷ್ಟು ವರ್ಷಗಳ ಮೇಲೆ ನಮ್ಮ ಮನೆಯಲ್ಲಿ ಕೂರಲು ಬಂದವನಿಗೆ ಕೂರಬೇಡ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಅವನು ಥೇಟ್ ಅಪ್ಪನ ಹಾಗೆಯೇ ಎರಡೂ ಮೊಣಕೈ ಊರಿ, ಬೆನ್ನು ಒರಗಿಸಿ ಕೂತ.

ಏಳುವಾಗ ಕುರ್ಚಿಯೂ ಅವನ ಜೊತೆಗೇ ಎದ್ದಿತು. ನನ್ನ ಹೆಂಡತಿ ಎಣ್ಣೆಯದ್ದಿದ ಬಟ್ಟೆ ತಂದು, ಬರುವ ನಗುವನ್ನು ನುಂಗಿಕೊಂಡು, ಅವನನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸತೊಡಗಿದಳು. ಅಲ್ಲಾಡದೆ ಕೂರಬೇಕಾಗಿ ಬಂದ ಅಣ್ಣ ವಿಧಿಯಿಲ್ಲದೆ ಹೆಲ್ಮೆಟ್ ತೆಗೆದ, ಕಾಫಿ ಕುಡಿದ, ಇನ್ನೊಂದು ಲೋಟ ಕೇಳಿದ. ಅವನ ತಲೆ ಇಷ್ಟು ಬೋಳಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಗೀರುಗಳನ್ನು ಬಗ್ಗಿ ನೋಡಿ 'ಅಡ್ಡಡ್ಡ ಉಜ್ಜಿದ್ದೀಯಲ್ಲೋ ಕತ್ತೆ' ಎಂದ. ಆ ಬೈಗುಳ ಅವನ ಬಾಯಿಂದ ಕೇಳಿ ಯಾವ ಕಾಲವಾಗಿತ್ತೋ, ಇನ್ನೊಮ್ಮೆ ಬೈಯಲೆಂದು ಇನ್ನೊಂದು ಕೈಯ ಗೀರುಗಳನ್ನೂ ತೋರಿಸಿದೆ. ಕಡೆಗೆ ತನ್ನ ಪ್ಯಾಂಟಿನ ಹಿಂಭಾಗವನ್ನು ಕುರ್ಚಿಗೇ ಬಿಟ್ಟುಕೊಟ್ಟು, ನನ್ನ ಪ್ಯಾಂಟು ತೊಟ್ಟು, ಬರುವ ಭಾನುವಾರ ತಾನೇ ಬಂದು ಎಲ್ಲ ಕೆರೆದು ಸರಿಯಾಗಿ ಬಳಿದುಕೊಡುವುದಾಗಿ ಹೇಳಿ ಹೋದ.

ನನ್ನ ದೂರು ಇರುವುದು ಇಲ್ಲೇ. ಅಣ್ಣ ಕೆಲಸ ಬಲ್ಲವನು. ಅವನು ಬಳಿದರೆ ತಮ್ಮ ವಾರ್ನಿಷ್ ಕೊಟ್ಟ ಮಾತಿನಂತೆ ಎರಡೇ ಗಂಟೆಯಲ್ಲಿ ಒಣಗಿಬಿಡುತ್ತದೆ, ಒಣಗಿದ ಕುರ್ಚಿಯಿಂದ ಯಾರು ಬೇಕಾದರೂ ಎದ್ದು ಹೋಗಬಹುದು. ಆದ್ದರಿಂದ ಎಂದೆಂದಿಗೂ ಒಣಗದ ವಾರ್ನಿಷ್ ಒಂದನ್ನು ತಾವು ಕೂಡಲೇ ತಯಾರಿಸಿ, ಕೂತವರು ಊಟದ ಹೊತ್ತಿನವರೆಗಾದರೂ ಏಳುವುದಿಲ್ಲವೆಂಬ ಖಾತರಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಬೇಕೆಂದೂ, ಸಾಧ್ಯವಾದರೆ ಅಣ್ಣಂದಿರಿಗೆ ಗಟ್ಟಿ ಅಂಟು, ಭಾವಮೈದುನರಿಗೆ ಬೇಗ ಬಿಡುವ ಅಂಟು ಎಂದು ಬೇರೆ ಬೇರೆ ಮಾಡಿಕೊಡಬೇಕೆಂದೂ ಕೈಮುಗಿದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೆಸರಿಗೆ ಮಾತ್ರ ಕುರ್ಚಿಯ ಮಾಲೀಕ

ತಾ.ಕ.: 'ತೆಳುವಾಗಿ ಬಳಿಯಿರಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು' ಎಂದು ಡಬ್ಬಿಯ ತಳದಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ತಾವು ಬರೆದಿರುವುದನ್ನು ನನ್ನ ಹೆಂಡತಿ ಈಗಷ್ಟೇ ಪತ್ತೆಹಚ್ಚಿ, ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳಿದಳು. ತಪ್ಪು ಪೂರ್ತಿ ನನ್ನದೇ. ಆದರೂ ಮುಂದಿನ ಡಬ್ಬಿಗಳಲ್ಲಿ ಅದನ್ನು ಇನ್ನೂ ಸಣ್ಣದಾಗಿ ಅಚ್ಚು ಹಾಕಿಸಿ. ಅಣ್ಣ ಬರುವಾಗ ಓದುವ ಕನ್ನಡಕ ತರುತ್ತಾನಂತೆ.