ತಿಪ್ಪಣ್ಣನ ಕೌದಿಗೆ ಜಪಾನಿ ಹೊಲಿಗೆ

ಉಷಾ ಮಾಡಿದ ತಪ್ಪು ಇಷ್ಟೇ: ಗಂಡನ ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕಿದಳು. ಹೊರಗೆ ಬಂದಾಗ ಅದು ನಡುಮಧ್ಯೆ ಗೇಣುದ್ದ ಬಾಯಿ ಬಿಟ್ಟುಕೊಂಡಿತ್ತು.

ಇಂಗ್ಲೆಂಡಿನ ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ತಿಪ್ಪಣ್ಣ ಅವತ್ತು ಬೆಳಗಿನ ತಿಂಡಿಯನ್ನೇ ಮುಟ್ಟಲಿಲ್ಲ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವ್ವ ರುದ್ರವ್ವ ಕೈಯಾರೆ ಹೊಲಿದ ಕೌದಿ ಅದು. 1996ರಲ್ಲಿ ಗದಗ ಬಿಟ್ಟಮೇಲೆ ಒಂಬತ್ತು ಚಳಿಗಾಲ ಅದರಡಿಯಲ್ಲೇ ಕಳೆದಿದ್ದ. ಮೂಗಿನ ತನಕ ಎಳೆದುಕೊಂಡರೆ ಅವ್ವ ಪಕ್ಕದಲ್ಲೇ ಕೂತ ಹಾಗೆ. ಅದಿಲ್ಲದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಪಕ್ಕದ ಮನೆಯ ನಳಿನಾಕ್ಷಿಗೆ ಸುದ್ದಿ ಮುಟ್ಟಲು ಹತ್ತು ನಿಮಿಷವೂ ಬೇಕಾಗಲಿಲ್ಲ. "ಅಷ್ಟಕ್ಕೆ ಎಂತಕ್ಕೆ ಬೇಜಾರು ಮಾರಾಯ್ರೆ? ಇವತ್ತು ಶನಿವಾರ, ಲೈಬ್ರರಿಯಲ್ಲಿ ಸಶಿಕೋ ಕ್ಲಾಸುಂಟು. ಹರಿದದ್ದನ್ನು ಜಪಾನಿನವರು ಚಂದ ಮಾಡಿ ಹೊಲೀತಾರೆ. ನಾನು ಸಹ ಹೋಗ್ತೇನೆ, ಬನ್ನಿ."

ಕ್ಲಾಸಿನಲ್ಲಿ ಹದಿನಾಲ್ಕು ಹೆಂಗಸರು, ಒಬ್ಬ ತಿಪ್ಪಣ್ಣ. ಕಲಿಸುವ ಮೊರಿಟಾ ಅಜ್ಜಿ ಅವನಿಗೆ ಬೆರಳುದ್ದದ ಸೂಜಿ, ಬಿಳಿ ದಾರ ಕೊಟ್ಟು, ಟಾಕುಗಳು ಅಕ್ಕಿ ಕಾಳಿನಂತೆ ಸಾಲಾಗಿರಬೇಕು, ದಾರ ಜಗ್ಗಬಾರದು ಅಂದಳು. ತಿಪ್ಪಣ್ಣ ಲಾರಿಗೆ ಹಗ್ಗ ಬಿಗಿದಂತೆ ಜಗ್ಗಿದ. ಕೌದಿ ಮುದುಡಿತು. ಅಜ್ಜಿ ಬಿಚ್ಚಿದಳು. ಮತ್ತೆ ಜಗ್ಗಿದ, ಮತ್ತೆ ಬಿಚ್ಚಿದಳು. ಮೂರನೇ ಸಲ ಕೈ ಕುದುರಿತು. ಅವ್ವನೂ ಹೀಗೇ ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದಳಲ್ಲ ಎನಿಸಿ ಅವನ ಕಣ್ಣು ಮಂಜಾಯಿತು.

ಆ ಮಂಜಿನಲ್ಲೇ ಎಡವಟ್ಟಾದದ್ದು. ಅಜ್ಜಿಗೆ ತೋರಿಸಲು ಎದ್ದರೆ ಕೌದಿಯ ಜೊತೆ ಪ್ಯಾಂಟೂ ಹೊರಟಿತು!

"ಅಯ್ಯೋ ದೇವರೇ, ಪ್ಯಾಂಟಿಗೂ ಡಿಸೈನ್ ಹಾಕಿದ್ದೀರಲ್ಲ!" ನಳಿನಾಕ್ಷಿ ಕೂಗಿದಳು. ಹೆಂಗಸರೆಲ್ಲ ಕತ್ತರಿ ಹಿಡಿದು ಓಡಿಬಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಟಾಕು ಬಿಡಿಸುವ ತನಕ ತಿಪ್ಪಣ್ಣ ಸೊಂಟ ಬಿಗಿಹಿಡಿದು ನಿಂತೇ ಇದ್ದ.

ಅಜ್ಜಿ ಮಾತ್ರ ಕೌದಿಯನ್ನು ಸವರಿ, ಇದನ್ನು ಹೊಲಿದವಳಿಗೆ ಎಲ್ಲ ಗೊತ್ತಿದೆ, ಅವಳ ಹತ್ತಿರವೇ ಕಲಿಯಬಾರದಿತ್ತೇ ಎಂದು ಕೇಳಿದಳು.

"ಅವಳು ದೂರ ಇದ್ದಾಳೆ" ಅಂದ ತಿಪ್ಪಣ್ಣ.

ಸಂಜೆಯ ಹೊತ್ತಿಗೆ ಹರಿದ ಜಾಗದಲ್ಲಿ ಬಿಳಿ ಟಾಕುಗಳ ಸಾಲು ಮೂಡಿತ್ತು. ಮನೆಗೆ ಬಂದವನೇ ಕಾಲಿಂಗ್ ಕಾರ್ಡು ಉಜ್ಜಿ ಗದಗಕ್ಕೆ ಫೋನು ಹಚ್ಚಿದ. ಅಲ್ಲಿ ಆಗಲೇ ರಾತ್ರಿ ಹತ್ತು ದಾಟಿತ್ತು.

"ಅವ್ವಾ, ನಿನ್ನ ಕೌದಿ ಹರದಿತ್ತು, ನಾನ ಹೊಲದೀನಿ! ನಿನ್ನ ಮದಿವಿ ಸೀರಿ ತುಂಡು ಐತೆಲ್ಲ, ಹಸರಂದು, ಅದರ ಬಾಜೂಕ."

"ನನ್ನ ಮದಿವಿ ಸೀರಿ ಕೆಂಪಿತ್ತಲೋ. ಹಸರು ಬಾಜೂ ಮನಿ ಗಿರಿಜವ್ವಂದು." ರುದ್ರವ್ವ ನೆನಪಿಸಿದಳು. "ನೀ ಹೊಂಡೂ ಮುಂದ ಕಳಸಾಕ ಬಂದ ಮಂದಿ ಮಲಗಾಕಂತ ಓಣಿ ತುಂಬ ಕೌದಿ ಇಸಗೊಂಡಿದ್ವಿ. ಗಡಿಬಿಡ್ಯಾಗ ಆಕಿದು ಗಂಟು ಕಟಗೊಂಡು ಹೋಗೀಯಲ್ಲೋ! ಆಕಿ ಇನ್ನೂ ಹುಡುಕಾಕತ್ತಾಳ."

ತಿಪ್ಪಣ್ಣ ತೊಡೆಯ ಮೇಲಿನ ಕೌದಿಯನ್ನು ತಿರುವಿ ನೋಡಿದ. ಒಂಬತ್ತು ವರ್ಷ ಪಕ್ಕದ ಮನೆಯವಳನ್ನು ಅವ್ವ ಅಂತ ಹೊದ್ದು ಮಲಗಿದ್ದ. "ಹಂಗಾರ ನಿಂದು?"

"ಇಲ್ಲೇ ಐತಿ. ಮಗಗ ಬ್ಯಾಡಾತು, ಬಿಟ್ಟು ಹೋದ ಅನಕೊಂಡಿದ್ನಿ." ಅವ್ವನ ದನಿ ಸಣ್ಣದಾಯಿತು.

"ಇಲ್ಲವ್ವಾ, ನಾ ಬಿಟ್ಟು ಬಂದಿಲ್ಲ..." ಎನ್ನುವಷ್ಟರಲ್ಲಿ ರುದ್ರವ್ವ ಗೋಡೆಯಾಚೆ ಕೂಗಿಯಾಗಿತ್ತು. ಗಿರಿಜವ್ವ ಏದುಸಿರು ಬಿಡುತ್ತ ಬಂದು ಫೋನು ಕಸಿದುಕೊಂಡಳು.

"ತಿಪ್ಪಣ್ಣಾ, ಅದರಾಗ ನಮ್ಮವ್ವನ ಸೀರಿನೂ ಐತೋ ಯಪ್ಪಾ. ಲಗೂನ ಕಳಸು. ಇಲ್ಲಿ ಥಂಡಿ ಬಾಳ ಐತಿ!"

ಕಿಟಕಿಯಾಚೆ ಮೊಣಕಾಲುದ್ದ ಹಿಮ ಬಿದ್ದಿತ್ತು. ತಿಪ್ಪಣ್ಣ "ಆತವ್ವಾ" ಅಂದ.