ಮಾವನ ಶಂಖಕ್ಕೆ ಎದುರುಮನೆಯ ಅರ್ಜಿ

ನಮ್ಮ ಸೋದರಮಾವನಿಗೆ ಊದಲು ಬರುವುದು ಎರಡೇ. ಒಂದು ತಮ್ಮ ತುತ್ತೂರಿ, ಇನ್ನೊಂದು ಶಂಖ. ಮೊದಲನೆಯದನ್ನು ಹುಟ್ಟಿದಾಗಿನಿಂದ ಊದುತ್ತಿದ್ದಾರೆ, ಎರಡನೆಯದು ಅಂಟಿಕೊಂಡದ್ದು ನಿವೃತ್ತಿಯಾದ ಮೇಲೆ. ರಾಜಗೋಪಾಲನಗರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಹಾಗಾಗಿ ಎರಡನ್ನೂ ಕೇಳುವ ಪ್ರಾರಬ್ಧ ನನ್ನದು!

ಮಾವ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳೆದು ‘ರಿಜೆಕ್ಟ್’ ಎಂದು ಬರೆಯುವುದೇ ಜೀವಮಾನದ ಸಾಧನೆ. ಶಂಖ ಕೊಳ್ಳಲು ಹೊರಟಾಗಲೂ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್! ಪೂಜಾಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಕೂತು ಶಂಖಗಳ ಬಾಯಿ ಅಳೆದರು, ಸುರುಳಿ ಅಳೆದರು, ಟಾರ್ಚ್ ಬಿಟ್ಟು ಹೊಟ್ಟೆಯೊಳಗೆ ಇಣುಕಿದರು. ಹನ್ನೊಂದು ಶಂಖ ರಿಜೆಕ್ಟ್ ಆದವು. ಅಂಗಡಿಯವನು ಕೈಮುಗಿದ.

“ಸಾರ್, ಇದನ್ನ ಲೇತಲ್ಲಿ ಮಾಡಿಲ್ಲ. ಸಮುದ್ರದಲ್ಲಿ ಹುಳ ಮಾಡಿರೋದು. ಅದಕ್ಕೆ ನಿಮ್ಮ ಡ್ರಾಯಿಂಗ್ ಯಾರು ಕೊಟ್ಟಿದ್ರು?”

ಕೊನೆಗೂ ಎರಡು ತಂದರು. ಒಂದು ತೀರ್ಥಕ್ಕೆ, ಒಂದು ಊದುವುದಕ್ಕೆ. ನೀರು ತುಂಬುವುದನ್ನು ಊದಬಾರದು, ಊದಿ ಎಂಜಲಾದದ್ದರಿಂದ ದೇವರಿಗೆ ನೀರೆರೆಯಬಾರದು, ಎರಡನ್ನೂ ಬರಿನೆಲಕ್ಕೆ ಇಡಬಾರದು, ಮಡಿಯಿಲ್ಲದವರು ಮುಟ್ಟಬಾರದು. ಈ ಬಾರದುಗಳೆಲ್ಲ ಪಾಪ, ನಮ್ಮತ್ತೆಗೆ ಬಾಯಿಪಾಠ. ಮಂಗಳಾರತಿಯಾದ ಕೂಡಲೇ ಶಂಖದ ನೀರು ಎಲ್ಲರ ತಲೆಯ ಮೇಲೆ! ಅತ್ತೆಗಾಯಿತು, ನನ್ನ ಇಸ್ತ್ರಿ ಮಾಡಿದ ಶರ್ಟಿಗಾಯಿತು, ಸ್ಕೂಟರಿಗಾಯಿತು. ಒಂದು ದಿನ ಕರೆಂಟ್ ರೀಡಿಂಗಿನವನಿಗೂ ಬಿತ್ತು. “ನನ್ನ ಮೇಲೆ ಎಷ್ಟು ಬೇಕಾದ್ರೂ ಹಾಕಿ ಸಾರ್, ಮೀಟರ್ ಮೇಲೆ ಮಾತ್ರ ಬೇಡ” ಎಂದು ಅವನು ಅಡ್ಡ ನಿಂತ.

ಇನ್ನು ಊದುವುದೋ! ಆರು ತಿಂಗಳು ಬಂದದ್ದು ಬರೀ ಗಾಳಿ, ಜೊತೆಗೆ ಒಂದಿಷ್ಟು ಉಗುಳು. ಅಡುಗೆಮನೆಯಿಂದ ಅತ್ತೆ ಕೇಳುವರು: “ರೀ, ಪುಸ್ ಅಂತಿರೋದು ಕುಕ್ಕರ್ರೋ, ನೀವೋ? ಆಫ್ ಮಾಡ್ಲಾ?”

ಒಂದು ಬೆಳಿಗ್ಗೆ ಅದೇನಾಯಿತೋ, ಭೋಂ! ಇಡೀ ಬೀದಿಗೆ ಕೇಳಿಸಿತು. ಮಾವ ಚಪ್ಪಾಳೆ ಬರುತ್ತದೆಂದು ಶಂಖ ಹಿಡಿದೇ ಬಾಗಿಲಿಗೆ ಬಂದರು. ಬಂದವಳು ಎದುರುಮನೆಯ ಅಜ್ಜಿ. ಕುಣಿಗಲ್ ಕಡೆಯವಳು, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಮಗನ ಜೊತೆ ಇದ್ದಳು. ಸೆರಗು ಬಾಯಿಗೊತ್ತಿಕೊಂಡು ಓಡಿಬಂದಿದ್ದಳು.

“ಯಾರಪ್ಪಾ ತೀರ್ಕೊಂಡೋರು? ನಿನ್ ಎಂಡ್ರು ನೆನ್ನೆ ಸಂಜೆ ಚೆನ್ನಾಗೇ ಇದ್ಲಲ್ಲ!”

ತೀರಿಕೊಂಡ ಹೆಂಡತಿ ಸೌಟು ಹಿಡಿದು ಹಿಂದೆಯೇ ನಿಂತಿದ್ದಳು. ಅಜ್ಜಿಯದೇನೂ ತಪ್ಪಿಲ್ಲ. ಅವಳೂರಿನಲ್ಲಿ ಯಾರಾದರೂ ಸತ್ತರೆ ದಾಸಯ್ಯ ಶಂಖ ಜಾಗಟೆ ಹಿಡಿದು ಹೆಣದ ಮುಂದೆ ನಡೆಯುತ್ತಾನೆ. ಬೀದಿಯಲ್ಲಿ ಶಂಖ ಕೇಳಿಸಿದರೆ ಯಾರೋ ಹೋದರೆಂದೇ ಲೆಕ್ಕ. ಮಾವನಿಗೆ ಮೈಯೆಲ್ಲ ಉರಿದುಹೋಯಿತು.

“ಇದು ದೇವರ ಶಂಖ ಕಣಮ್ಮಾ! ಹೆಣದ ಮುಂದೆ ಊದೋದಲ್ಲ!”

ಅಜ್ಜಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡಳು. ಆಮೇಲೆ ತನ್ನ ಅರ್ಜಿ ಹಾಕಿಯೇಬಿಟ್ಟಳು. “ಅಂಗಾರೆ ನಾನು ಸತ್ತಾಗ ನೀನೇ ಊದ್ಬುಡಪ್ಪ. ಈ ಊರಾಗೆ ದಾಸಯ್ಯನ್ನ ಎಲ್ಲೀಂತ ಉಡುಕ್ತಾನೆ ನನ್ ಮಗ? ಶಂಕ ಇಲ್ದೆ ಓಗೋದು ಅಂದ್ರೆ ನಂಗೆ ದಿಗಿಲು.”

“ಸಾಧ್ಯವೇ ಇಲ್ಲ! ಮೈಲಿಗೆ!”

ಅಜ್ಜಿ ಬಿಡುವವಳೇ? ದಿನಾ ಮಂಗಳಾರತಿಯ ಹೊತ್ತಿಗೆ ಬಂದು ಅದೇ ಮೆಟ್ಟಿಲ ಮೇಲೆ ಕೂರುವಳು. ಕೇಳಿ, ತಲೆಯಾಡಿಸಿ, ತೀರ್ಪು ಕೊಡುವಳು. “ಇವತ್ತು ನಡುವೆ ಕಿತ್ಕೊಂತು. ನನ್ ದಿನ ಇಂಗ್ ಮಾಡ್ಬ್ಯಾಡಪ್ಪ.” ಊರಿನವರನ್ನೆಲ್ಲ ರಿಜೆಕ್ಟ್ ಮಾಡಿದ ಮನುಷ್ಯನಿಗೆ ಕೊನೆಗೂ ಒಬ್ಬ ಇನ್‌ಸ್ಪೆಕ್ಟರ್ ಸಿಕ್ಕಿದ್ದಳು! ನನಗೆ ಎಷ್ಟು ಖುಷಿಯಾಯಿತೆಂದರೆ, ಆಫೀಸಿಗೆ ತಡವಾದರೂ ನಿಂತು ಕೇಳುತ್ತಿದ್ದೆ.

ಮಾವ ಕಿರುಚುವರು: “ನಿನ್ನ ದಿನ ನಾನು ಬಾಗಿಲು ಹಾಕ್ಕೊಂಡು ಒಳಗಿರ್ತೀನಿ, ತಿಳ್ಕೋ!”

ಅಜ್ಜಿ ಪೆಚ್ಚಾಗಿ ನಗುವಳು. ನನಗೋ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಎಂಬತ್ತು ದಾಟಿದ ಜೀವಕ್ಕೆ ಬಾಯಿಮಾತಿಗಾದರೂ ಒಂದು ಹೂಂ ಅನ್ನಬಾರದೇ? ಇಷ್ಟು ಸಣ್ಣ ಮನಸ್ಸು ಇಟ್ಟುಕೊಂಡು ದೇವರ ಮುಂದೆ ಅಷ್ಟು ದೊಡ್ಡ ಸದ್ದು ಯಾಕೆ ಮಾಡಬೇಕು?

ಹೋದ ತಿಂಗಳು, ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಒರಗಿದ ಅಜ್ಜಿ ಮತ್ತೆ ಏಳಲಿಲ್ಲ. ಮಗ ಊರಿಗೆ ಫೋನ್ ಮಾಡಿದ. ದಾಸಯ್ಯ ಮಂಡಿ ಆಪರೇಷನ್ ಆಗಿ ಮಲಗಿದ್ದನಂತೆ. ಮಧ್ಯಾಹ್ನ ವ್ಯಾನು ಬಂತು, ಅಜ್ಜಿಯನ್ನು ಏರಿಸಿದ್ದೂ ಆಯಿತು. ಮಗ ಮಾತ್ರ ಹೊರಡಲೊಲ್ಲದೆ ತಲೆ ತಗ್ಗಿಸಿ ನಿಂತಿದ್ದ. ಡ್ರೈವರಿಗೆ ವಿಷಯ ತಿಳಿದು ಕನಿಕರ ಹುಟ್ಟಿತು.

“ಶಂಖದ ಸೌಂಡ್ ನನ್ನ ಮೊಬೈಲಲ್ಲೇ ಇದೆ ಅಣ್ಣ. ಸ್ಪೀಕರ್‌ಗೆ ಹಾಕ್ಬಿಡ್ತೀನಿ.”

ಅಷ್ಟು ಹೊತ್ತೂ ನಮ್ಮ ಗೇಟಿನ ಹತ್ತಿರ ನಿಂತಿದ್ದ ಮಾವ ಸರಕ್ಕನೆ ಒಳಗೆ ಹೋದರು. ಹೇಳಿದಂತೆಯೇ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಥೂ, ಇವರೂ ಒಬ್ಬ ಮನುಷ್ಯರೇ ಎಂದುಕೊಂಡೆ.

ಹೊರಗೆ ಬಂದಾಗ ಕೈಯಲ್ಲಿ ಶಂಖವಿತ್ತು. ಅತ್ತೆ ಗಾಬರಿಯಾದರು. “ರೀ, ಅದು ದೇವರದ್ದು!”

“ಆ ಯಮ್ಮ ದಿನಾ ಕೂತು ಕೇಳಿದ್ದು ಈ ದನಿ ಕಣೇ. ಮೊಬೈಲಲ್ಲಿ ಯಾವನೋ ಊದಿದ್ದಕ್ಕೆ ಹೋಗ್ತಾಳಾ ಅವಳು?”

ಬರಿಗಾಲಲ್ಲೇ ವ್ಯಾನಿನ ಮುಂದೆ ನಡೆದರು. ಊದಿದರು, ನಡೆದರು, ಊದಿದರು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ದನಿ ನಡುವೆಯೇ ಒಡೆಯಿತು. ಮಾವ ನಿಂತುಬಿಟ್ಟರು. ಕೈಯೆತ್ತಿ ವ್ಯಾನನ್ನೂ ನಿಲ್ಲಿಸಿದರು. ಕಿಟಕಿಯ ಹತ್ತಿರ ಬಂದು, ನಿದ್ದೆ ಮಾಡುವವರನ್ನು ಮಾತಾಡಿಸುವಷ್ಟು ಮೆಲ್ಲಗೆ ಹೇಳಿದರು:

“ತಡಿಯಮ್ಮಾ, ಇದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಊದ್ತೀನಿ.”

ಕಣ್ಣೊರೆಸಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು ಊದಿದರು. ಈ ಸಲ ದನಿ ಎಲ್ಲೂ ಒಡೆಯಲಿಲ್ಲ. ನಾನು ಚಪ್ಪಲಿ ಬಿಟ್ಟು ಅವರ ಹಿಂದೆ ನಡೆದೆ. ಅಳು ತಡೆಯಲಾಗಲಿಲ್ಲ.